ಎಡಗಡೆಯ ಹಿಂದಿನ ಗಾಲಿ

ಮಸೂತಿ,
೧೬ ಫೆಬ್ರುವರಿ ೧೯೯೭

ಶ್ರೀ ಕಲ್ಮೇಶ ಅವರಿಗೆ ಭುವನೇಶ್ವರಿ ಮಾಡುವ ನಮಸ್ಕಾರಗಳು.

ನಮ್ಮ ಮದುವೆಯಾದಾಗಿನಿಂದ ಈ ಮನೆಯಿಂದ ನಿಮಗೆ ಬಂದ ಪತ್ರಗಳೆಲ್ಲ ನನ್ನ ಅಕ್ಷರದಲ್ಲೇ ಇದ್ದವು. ಆದರೆ ಮಾತು ಮಾವನವರದೋ ಅತ್ತೆಯವರದೋ ಆಗಿರುತ್ತಿತ್ತು. ಅವರು ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಕೊನೆಗೆ ‘ಭುವನೇಶ್ವರಿಯೂ ಸೌಖ್ಯ’ ಎಂದು ನನ್ನ ಬಗ್ಗೆ ನಾನೇ ಒಂದು ಸಾಲು ಸೇರಿಸುತ್ತಿದ್ದೆ. ಇದು ಹಾಗಲ್ಲ, ನನ್ನದೇ ಪತ್ರ. ಮನೆಯಲ್ಲಿ ಯಾರಿಗೂ ಓದಿ ಹೇಳಿಲ್ಲ. ನೀವೂ ಉತ್ತರವನ್ನು ನನ್ನ ಹೆಸರಿಗೇ ಬರೆಯಿರಿ.

ಮೊದಲೇ ಹೇಳಿಬಿಡುತ್ತೇನೆ, ಯಾರಿಗೂ ದೊಡ್ಡ ಪೆಟ್ಟಾಗಿಲ್ಲ. ಹೋದ ಸೋಮವಾರ ಮುದ್ದೇಬಿಹಾಳದಲ್ಲಿ ಅತ್ತೆಯವರ ತವರಿನ ಮದುವೆ ಮುಗಿಸಿಕೊಂಡು ನಮ್ಮ ಅಂಬಾಸಿಡರಿನಲ್ಲಿ ಹಿಂದಿರುಗುತ್ತಿದ್ದೆವು. ಮಾವನವರು ನಡೆಸುತ್ತಿದ್ದರು. ಅತ್ತೆ ಮುಂದೆ, ನಾನು ಹಿಂದೆ ಎಡಗಡೆ ಕೂತಿದ್ದೆ. ಬಸವನ ಬಾಗೇವಾಡಿ ದಾಟಿ ನಮ್ಮ ಊರ ಕಡೆಯ ಇಳಿಜಾರಿಗೆ ಬಂದಾಗ ಎದುರಿಗೆ ಕಣಿಕೆ ಹೇರಿಕೊಂಡ ಚಕ್ಕಡಿ ಬರುತ್ತಿತ್ತು. ಅದು ನನಗೆ ಎಷ್ಟೋ ಮೊದಲೇ ಕಾಣಿಸಿತ್ತು. ಮಾವನವರಿಗೂ ಕಾಣಿಸಿರಬೇಕು ಎಂದುಕೊಂಡು ಸುಮ್ಮನಿದ್ದೆ. ಅಷ್ಟರಲ್ಲಿ ಅತ್ತೆ ಕೂಗಿದರು.

“ಏ, ಚಕ್ಕಡಿ ಬರಾಕತ್ತೈತಿ! ಎತ್ತ ನೋಡಾಕತ್ತೀರಿ?”

ಮಾವನವರು ಬ್ರೇಕ್ ಒತ್ತಿದರು. ಗಾಡಿ ನಿಲ್ಲಲಿಲ್ಲ. ಬಲಕ್ಕೆ ಎಳೆದುಕೊಂಡು ಹೋಗಿ ರಸ್ತೆ ದಾಟಿ, ಜೋಳ ಕೊಯ್ದ ಹೊಲದಲ್ಲಿ ಕುಣಿಯುತ್ತ ಸಾಗಿ, ಒಡ್ಡಿಗೆ ಮೂತಿ ಕೊಟ್ಟು ನಿಂತಿತು. ಅತ್ತೆಯ ಹಣೆಗೆ ಗುಬುಟಿ ಬಂದಿದೆ, ಅಷ್ಟೇ. ಚಕ್ಕಡಿಯವನು ಓಡಿ ಬಂದು ನೀರು ಕೊಟ್ಟ. ಮಾವನವರು ಒಡ್ಡಿನ ಮೇಲೆ ಕೂತುಬಿಟ್ಟರು.

“ನನ್ನ ಕಣ್ಣ ಹ್ವಾದುವು” ಎಂದರು. “ಇವತ್ತ ನನ್ನ ಕೈಯಾರೆ ಹೇಣ್ತೀನ್ನ ಕೊಂದಬಿಡ್ತಿದ್ದೆ.”

ಟ್ರ್ಯಾಕ್ಟರಿಗೆ ಕಟ್ಟಿ ಎಳೆತಂದ ಗಾಡಿ ಈಗ ಬೇವಿನ ಮರದ ಕೆಳಗೆ ನಿಂತಿದೆ. ಮಾವನವರು ಕಟ್ಟೆಯ ಮೇಲೆ ಅದಕ್ಕೆ ಬೆನ್ನು ಮಾಡಿ ಕೂರುತ್ತಾರೆ. ಯಾರ ಜೊತೆಯೂ ಮಾತಿಲ್ಲ. ಊಟಕ್ಕೆ ಕರೆದರೆ ಒಂದು ರೊಟ್ಟಿ ಮುರಿದು ಎದ್ದುಬಿಡುತ್ತಾರೆ. ಗಾಡಿ ಮಾರಿಬಿಡುವುದಾಗಿ ಊರ ಮುಂದೆ ಹೇಳಿದ್ದಾರೆ. ಕಣ್ಣು ತೋರಿಸಲು ಹೋಗೋಣ ಎಂದು ಅತ್ತೆ ಹೇಳಿದ್ದಕ್ಕೆ “ಇನ್ನ ಯಾತಕ ಬೇಕು ಕಣ್ಣು?” ಎಂದರು.

ನಾನು ಕೇಳಬೇಕೆಂದಿರುವುದು ಬೇರೆ. ದೀಪಾವಳಿಯಿಂದ ಈಚೆಗೆ ಎಡಗಡೆಯ ಹಿಂದಿನ ಗಾಲಿಯಿಂದ ಒಂದು ಸದ್ದು ಬರುತ್ತಿತ್ತು. ಬೀಸುವ ಕಲ್ಲಿನಲ್ಲಿ ಕಾಳಿಲ್ಲದೆ ಬೀಸಿದ ಹಾಗೆ. ನಾನು ಯಾವಾಗಲೂ ಅದರ ಮೇಲೇ ಕೂರುವುದರಿಂದ ನನಗೆ ಗೊತ್ತು. ಮನೆಗೆ ಬಂದಮೇಲೆ ಬಗ್ಗಿ ನೋಡಿದೆ. ಗಾಲಿಯ ಒಳಮೈಯೆಲ್ಲ ಎಣ್ಣೆ. ಸುಟ್ಟ ವಾಸನೆ ಬೇರೆ. ಇದು ಕಣ್ಣಿನ ತಪ್ಪೋ, ಬ್ರೇಕಿನದೋ? ಅದನ್ನು ನಾನು ಬಿಚ್ಚಿ ನೋಡಬಹುದೇ?

ಇಂತಿ,
ಭುವನೇಶ್ವರಿ

•

ತೇಜಪುರ, ಅಸ್ಸಾಂ,
೨ ಮಾರ್ಚ್ ೧೯೯೭

ಭುವನೇಶ್ವರಿಗೆ,

ನಿನ್ನ ಪತ್ರವನ್ನು ವರ್ಕ್‌ಶಾಪಿನ ಬಾಗಿಲಲ್ಲಿ ನಿಂತೇ ಓದಿದೆ. ಒಳಗೆ ಬಂದು ಕೂತು ಮತ್ತೆ ಓದಿದೆ. ಅವ್ವನ ಹಣೆ ಈಗ ಹೇಗಿದೆ?

ಬೀಸುವ ಕಲ್ಲಿನ ಸದ್ದು ಎಂದು ಬರೆದಿದ್ದೀಯಲ್ಲ, ಅದು ಗಾಲಿಯ ಬೇರಿಂಗ್ ಸವೆದ ಸದ್ದೇ. ನನ್ನ ಕೈಕೆಳಗೆ ಕಲಿಯುವ ಹುಡುಗರು ಯಾರೂ ಇಷ್ಟು ಸರಿಯಾಗಿ ಹೇಳಿದ್ದಿಲ್ಲ. ಬೇರಿಂಗ್ ಸವೆದು ಅಲುಗಾಡಿದಾಗ ಅದರ ಪಕ್ಕದ ಆಯಿಲ್ ಸೀಲ್ ಹರಿಯುತ್ತದೆ. ಸೀಲ್ ಎಂದರೆ ಎಕ್ಸೆಲ್ಲಿನ ಎಣ್ಣೆ ಹೊರಗೆ ಬರದಂತೆ ತಡೆಯುವ ರಬ್ಬರಿನ ಬಳೆ. ಅದು ಹರಿದರೆ ಎಣ್ಣೆ ಬ್ರೇಕಿನ ಡ್ರಮ್ಮಿಗೆ ಇಳಿಯುತ್ತದೆ. ಎಣ್ಣೆ ಕುಡಿದ ಬ್ರೇಕ್ ಹಿಡಿಯುವುದಿಲ್ಲ. ಎಡಗಾಲಿ ಹಿಡಿಯದೆ ಬಲಗಾಲಿ ಹಿಡಿದರೆ ಗಾಡಿ ಬಲಕ್ಕೆ ಎಳೆಯುತ್ತದೆ.

ಬಿಚ್ಚಬೇಡ ಎಂದು ಬರೆಯಲು ಕೂತಿದ್ದೆ. ಆದರೆ ನೀನು ಕೇಳಿದ ರೀತಿ ನೋಡಿದರೆ ಉತ್ತರ ಬರುವ ಮೊದಲೇ ಬಿಚ್ಚಿರುತ್ತೀ. ಆದ್ದರಿಂದ ಸರಿಯಾಗಿಯೇ ಬಿಚ್ಚು. ಬರೇ ಜ್ಯಾಕಿನ ಮೇಲೆ ನಂಬಿಕೆ ಇಡಬೇಡ. ಎಕ್ಸೆಲ್ಲಿನ ಕೆಳಗೆ ಗಟ್ಟಿಯಾದ ಕಟ್ಟಿಗೆಯ ದಿಮ್ಮಿ ಕೊಡು. ಗಾಲಿ, ಡ್ರಮ್ಮು, ಆಮೇಲೆ ಒಳಗಿನ ಉದ್ದನೆಯ ಶಾಫ್ಟು. ಅದು ಹೊರಗೆ ಬಂದರೆ ದೊಡ್ಡ ನಟ್ಟು ಕಾಣುತ್ತದೆ. ಅದರ ಹಿಂದೆ ಗಾಲಿ ಕೂರುವ ಹಬ್, ಹಬ್ಬಿನೊಳಗೆ ಬೇರಿಂಗ್. ಬೇರಿಂಗ್ ಕೀಳುವುದು ಕೈಯ ಕೆಲಸವಲ್ಲ. ಬಾಗೇವಾಡಿಯ ಬಸ್‌ಸ್ಟ್ಯಾಂಡ್ ಹಿಂದೆ ಯಾಕೂಬಸಾಬರ ಗ್ಯಾರೇಜಿದೆ. ನನ್ನ ಹೆಸರು ಹೇಳು, ಅವರು ಯಂತ್ರದಲ್ಲಿ ಒತ್ತಿ ತೆಗೆದುಕೊಡುತ್ತಾರೆ. ಎಣ್ಣೆ ಕುಡಿದ ಬ್ರೇಕ್ ಶೂಗಳನ್ನು, ಅಂದರೆ ಡ್ರಮ್ಮನ್ನು ಒತ್ತಿ ಹಿಡಿಯುವ ಪಟ್ಟಿಗಳನ್ನು, ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವ ಆಸೆ ಬೇಡ. ಎರಡೂ ಗಾಲಿಗೆ ಹೊಸದು ಹಾಕು.

ಅಕ್ಟೋಬರಿಗೆ ಮಿಲಿಟರಿಯಲ್ಲಿ ನನ್ನ ಹದಿನೈದು ವರ್ಷ ಮುಗಿಯುತ್ತದೆ. ಪೆನ್ಶನ್ ತೆಗೆದುಕೊಂಡು ಬರಬಹುದು, ಇಲ್ಲವೇ ಬಡ್ತಿ ತೆಗೆದುಕೊಂಡು ಮುಂದುವರಿಯಬಹುದು. ಸಾಹೇಬರು ಕೇಳುತ್ತಿದ್ದಾರೆ. ಇನ್ನೂ ಹೇಳಿಲ್ಲ.

ಮದುವೆಯಾದ ಮೇಲೆ ನಿನಗೆಂದು ಇಷ್ಟು ಉದ್ದದ ಪತ್ರ ಬರೆದದ್ದು ಇದೇ ಮೊದಲು. ಏನು ಬರೆಯಬೇಕೆಂದು ಹೊಳೆಯದೆ ಸುಮ್ಮನೆ ಇಲ್ಲಿಯ ಚಳಿ, ಮಳೆಯ ಸುದ್ದಿ ಬರೆಯುತ್ತಿದ್ದೆ.

ಇಂತಿ,
ಕಲ್ಮೇಶ

•

ಮಸೂತಿ,
೧೮ ಮಾರ್ಚ್ ೧೯೯೭

ಕಲ್ಮೇಶ ಅವರಿಗೆ ನಮಸ್ಕಾರ.

ನೀವು ಅಂದುಕೊಂಡದ್ದು ನಿಜ. ನಿಮ್ಮ ಪತ್ರ ಬರುವ ಹೊತ್ತಿಗೆ ಗಾಲಿ ಬಿಚ್ಚಿ ಆಗಿತ್ತು. ದಿಮ್ಮಿ ಮಾತ್ರ ಆಮೇಲೆ ಕೊಟ್ಟೆ, ಬೈಯಬೇಡಿ.

ಮೊದಲ ದಿನ ಸೀರೆಯ ಸೆರಗು ಸಿಕ್ಕಿಸಿಕೊಂಡು ಗಾಡಿಯ ಕೆಳಗೆ ಹೋದೆ. ಅತ್ತೆ ಹಿತ್ತಲಿಂದ ಬಂದು ನನ್ನ ಕಾಲಷ್ಟೇ ಹೊರಗೆ ಕಂಡು ಎದೆ ಒಡೆದುಕೊಂಡರು.

“ಏನ ಮಾಡಾಕತ್ತಿಯೇ ಬುಡಕ? ಸೊಸಿ ಗಾಡಿ ಬುಡಕ ಮಲಗ್ಯಾಳಂತ ಊರ ಮಂದಿಯೆಲ್ಲಾ ನಗತೈತಿ ನೋಡ!”

“ನಗಲಿ ಬಿಡ್ರಿ ಅತ್ತಿ. ಆ ಪಾನಾ ಇತ್ತಾಗ ಕೊಡ್ರಿ.”

ಅವರು ನಟ್ಟು ಬಿಚ್ಚುವ ಪಾನಾ ಕೊಡಲಿಲ್ಲ, ಒಳಗೆ ಹೋದರು. ಸಿಟ್ಟು ಬಂತೇನೋ ಎಂದುಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ನಿಮ್ಮ ಹಳೆಯ ಖಾಕಿ ಪ್ಯಾಂಟು, ಅಂಗಿ ತಂದು ಬಾನೆಟ್ಟಿನ ಮೇಲೆ ಒಗೆದರು. “ಸೀರಿ ಹಾಳಾಕ್ಕೈತಿ. ಇದನ್ನ ಹಾಕ್ಕೋ” ಎಂದರು. ಪ್ಯಾಂಟಿನ ಕಾಲು ಮಡಚಬೇಕಾಯಿತು, ಸೊಂಟಕ್ಕೆ ಹಗ್ಗ ಕಟ್ಟಬೇಕಾಯಿತು. ನನ್ನನ್ನು ನೋಡಿ ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಆ ಸೋಮವಾರದ ನಂತರ ಈ ಮನೆಯಲ್ಲಿ ಕೇಳಿದ ಮೊದಲ ನಗು ಅದು.

ಡ್ರಮ್ಮು ಅಂಟಿಕೊಂಡಿತ್ತು. ಸುತ್ತಲೂ ಸಣ್ಣಗೆ ಬಡಿಯುತ್ತ ಬಂದಾಗ ಒಮ್ಮೆಲೇ ಕಳಚಿ ಕೈಗೆ ಬಂತು. ಒಳಗೆ ಎಲ್ಲ ಕಪ್ಪು ಎಣ್ಣೆ. ಬ್ರೇಕ್ ಶೂ ಎಣ್ಣೆಯಲ್ಲಿ ಅದ್ದಿ ತೆಗೆದ ರೊಟ್ಟಿಯ ಹಾಗಿತ್ತು. ಶಾಫ್ಟೂ ಬಂತು. ಆದರೆ ನೀವು ಬರೆದ ದೊಡ್ಡ ನಟ್ಟು ಬರುತ್ತಿಲ್ಲ. ಪಾನಾಕ್ಕೆ ಪೈಪು ತೊಡಿಸಿ ಅದರ ಮೇಲೆ ನಿಂತೂ ನೋಡಿದೆ. ಸೀಮೆಎಣ್ಣೆ ಹಾಕಿ ಇಡೀ ದಿನ ನೆನೆಸಿದೆ. ಅದು ಅಲುಗುವುದಿಲ್ಲ. ನನ್ನ ಅಂಗೈ ಬೊಬ್ಬೆ ಬಂದು ರೊಟ್ಟಿ ಬಡಿಯುವಾಗ ಉರಿಯುತ್ತದೆ.

ನಿನ್ನೆ ಸಿಂದಗಿ ಕಡೆಯ ಕನ್ನೊಳ್ಳಿಯಿಂದ ಶ್ರೀಶೈಲಪ್ಪ ಎಂಬುವರು ಗಾಡಿ ನೋಡಲು ಬಂದಿದ್ದರು. ಅವರಿಗೆ ಗಾಡಿ ಬೇಡವಂತೆ, ಎಂಜಿನ್ ಮಾತ್ರ ಬೇಕು. ಕಬ್ಬಿನ ಗಾಣಕ್ಕೆ ಕೂರಿಸುತ್ತಾರಂತೆ. “ಉಳದದ್ದು ಗುಜರಿಗೆ ಹಾಕ್ತೇನ್ರಿ ಗೌಡ್ರ. ಯುಗಾದಿ ಆಗಲಿ, ಟ್ರ್ಯಾಕ್ಟರ್ ತರ್ತೇನಿ” ಎಂದರು. ಮಾವನವರು ತಲೆ ಅಲ್ಲಾಡಿಸಿದರು, ಆದರೆ ಗಾಡಿಯ ಕಡೆ ತಿರುಗಿ ನೋಡಲಿಲ್ಲ.

ಯುಗಾದಿಗೆ ಇನ್ನು ಹೆಚ್ಚು ದಿನ ಇಲ್ಲ. ನಟ್ಟಿಗೆ ಏನು ಮಾಡಲಿ, ಬೇಗ ಬರೆಯಿರಿ.

ನಿಮ್ಮ,
ಭುವನೇಶ್ವರಿ

•

ತೇಜಪುರ,
೩೦ ಮಾರ್ಚ್ ೧೯೯೭

ಭುವನಾ,

ನಿಲ್ಲಿಸು! ಆ ನಟ್ಟಿನ ಮೇಲೆ ಇನ್ನು ನಿಲ್ಲಬೇಡ. ಎಡಗಡೆಯ ಗಾಲಿಯ ನಟ್ಟಿಗೆ ತಿರುಪು ಉಲ್ಟಾ ಇರುತ್ತದೆ. ಗಾಲಿ ತಿರುಗುವ ರಭಸಕ್ಕೆ ನಟ್ಟು ಸಡಿಲಾಗಬಾರದೆಂದು ಹಾಗೆ ಮಾಡಿರುತ್ತಾರೆ. ನೀನು ಬಿಚ್ಚುತ್ತಿದ್ದೇನೆ ಎಂದುಕೊಂಡು ಬಿಗಿ ಮಾಡಿದ್ದೀ. ತಪ್ಪು ನಿನ್ನದಲ್ಲ, ನಾನು ಮೊದಲೇ ಬರೆಯಬೇಕಾಗಿತ್ತು. ನಟ್ಟಿನ ಹಿಂದೆ ಮಡಚಿದ ತಗಡಿನ ತುಟಿ ಇದೆ. ಅದನ್ನು ನೆಟ್ಟಗೆ ಮಾಡಿ, ಬಲಕ್ಕೆ ತಿರುಗಿಸು.

ಹೊಸ ಸೀಲ್ ಕೂರಿಸುವಾಗ ಅದರ ತುಟಿ ಎಣ್ಣೆಯ ಕಡೆ, ಅಂದರೆ ಒಳಮುಖವಾಗಿರಬೇಕು. ಬೆರಳಿಗೆ ಎಣ್ಣೆ ಹಚ್ಚಿ ತುಟಿಗೆ ಸವರಿ ಹಾಕು, ಒಣಗಿದ್ದರೆ ಮೊದಲ ದಿನವೇ ಹರಿದೀತು.

ಅಪ್ಪನ ವಿಷಯ. ಅವರಿಗೆ ಆ ಶೂಗಳನ್ನು ತೋರಿಸು. ತಪ್ಪೆಲ್ಲ ಬ್ರೇಕಿನದೇ, ಕಣ್ಣಿನದು ಏನೂ ಇಲ್ಲ ಎಂದು ಹೇಳಿಬಿಡು. ಮಿಲಿಟರಿಯಲ್ಲಿರುವ ಮಗನೂ ಹಾಗೇ ಬರೆದಿದ್ದಾನೆ ಎನ್ನು. ಅಷ್ಟು ಕೇಳಿದರೆ ಅವರು ಎದ್ದು ಓಡಾಡುತ್ತಾರೆ. ಮುದುಕರಿಗೆ ಬೇಕಾದದ್ದು ಧೈರ್ಯ.

ಖಾಕಿ ಅಂಗಿಯಲ್ಲಿ ನಿನ್ನನ್ನು ನೋಡಬೇಕು ಅನ್ನಿಸುತ್ತಿದೆ. ಇಲ್ಲಿ ಕೆಲಸ ಮಾಡುವಾಗ ನೆನಪಾಗಿ ಒಬ್ಬನೇ ನಗುತ್ತೇನೆ. ಹುಡುಗರು ನನ್ನನ್ನು ನೋಡಿ ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಾರೆ.

ನಿನ್ನ,
ಕಲ್ಮೇಶ

•

ಮಸೂತಿ,
೧೬ ಏಪ್ರಿಲ್ ೧೯೯೭

ರೀ,

ನಿಮ್ಮ ಪತ್ರ ಬರುವ ಮೊದಲೇ ನಟ್ಟು ಬಂತು. ಅದರ ಕಥೆ ಕೇಳಿ.

ಮಧ್ಯಾಹ್ನ ಪೈಪಿನ ಮೇಲೆ ಜೋತುಬಿದ್ದಿದ್ದೆ. ಮಾವನವರು ಎಂದಿನಂತೆ ಬೆನ್ನು ಮಾಡಿ ಕೂತಿದ್ದರು. ಪಾನಾ ಜಾರಿ ಠಣ್ಣೆಂದು ಕೆಳಗೆ ಬಿತ್ತು. ಅವರು ತಿರುಗದೆಯೇ ಹೇಳಿದರು.

“ಯವ್ವಾ, ಅದು ಎಡಗಡಿ ಗಾಲಿ. ನಟ್ಟ ಉಲ್ಟಾ ಐತಿ. ನೀ ಬಿಚ್ಚಾಕತ್ತಿಲ್ಲ, ಬಿಗಿ ಮಾಡಾಕತ್ತಿ.”

ಅಷ್ಟು ದಿನಗಳಲ್ಲಿ ಅವರು ನನ್ನೊಡನೆ ಆಡಿದ ಮೊದಲ ಮಾತು. ನಾನು ಸೆರಗು ಸರಿಮಾಡಿಕೊಳ್ಳಲು ಹೋದೆ, ಅಂಗಿಗೆ ಸೆರಗೆಲ್ಲಿಯದು! ಬಲಕ್ಕೆ ಎಳೆದೆ. ಚಿಟ್ಟೆಂದು ಸದ್ದಾಯಿತು, ನಟ್ಟು ತಿರುಗಿತು. ಹಿಂದೆ ನೋಡಿದರೆ ಮಾವನವರು ಕಟ್ಟೆ ಇಳಿದು, ಕೋಲೂರಿಕೊಂಡು ಬಂದು ಪಕ್ಕದಲ್ಲಿ ನಿಂತಿದ್ದರು. ಅಂದಿನಿಂದ ಅವರ ಚಾಪೆ ಗಾಡಿಯ ಪಕ್ಕಕ್ಕೆ ಬಂತು. ಸರಿಯಾಗಿ ಕಾಣದಿದ್ದರೂ ಒಂದೊಂದು ಸಾಮಾನನ್ನೂ ಕೈಯಲ್ಲಿ ಹಿಡಿದು, ತಡವಿ ನೋಡಿ, ಒರೆಸಿ ಇಡುತ್ತಿದ್ದರು.

ಹಬ್ಬನ್ನು ಹಳೆಯ ಧೋತರದಲ್ಲಿ ಸುತ್ತಿಕೊಂಡು ಬಾಗೇವಾಡಿಯ ಬಸ್ಸು ಹತ್ತಿದೆ. ಭಾರವಿತ್ತು, ತೊಡೆಯ ಮೇಲೆ ಅವುಚಿ ಹಿಡಿದಿದ್ದೆ. ಪಕ್ಕದಲ್ಲಿ ಕೂತ ಮುದುಕಿ ಬಗ್ಗಿ ನೋಡಿ “ಎಷ್ಟ ತಿಂಗಳದವ್ವಾ ಕೂಸು?” ಎಂದಳು. ಅದಕ್ಕೆ ಏನು ಹೇಳಿದೆ ಎಂಬುದನ್ನು ಆಮೇಲೆ ಬರೆಯುತ್ತೇನೆ.

ಯಾಕೂಬಸಾಬರು ಹಳೆಯ ಬೇರಿಂಗ್ ಒತ್ತಿ ತೆಗೆದಾಗ ಒಳಗಿನ ಗುಂಡೊಂದು ಎರಡು ಹೋಳಾಗಿತ್ತು. “ಇದು ಇನ್ನ ಸ್ವಲ್ಪ ದಿನ ತಿರಗಿದ್ರ ಗಾಲಿನ ಕಳಚಿ ಹೊಲಕ್ಕ ಓಡತಿತ್ತ್ರಿ ಅಕ್ಕಾರ” ಎಂದರು. ಹೊಸದನ್ನು ಕೂರಿಸಿ, ಗ್ರೀಸ್ ತುಂಬಿ ಕೊಟ್ಟರು. ಬಲಗಡೆಯದೂ ಸವೆದಿದ್ದರಿಂದ ಮುಂದಿನ ವಾರ ಅದನ್ನೂ ಒಯ್ದೆ. ಇಲ್ಲಿ ಎಕ್ಸೆಲ್ಲನ್ನು ತೊಳೆಯುವಾಗ ಅದರ ನೆತ್ತಿಯ ಮೇಲೆ ಒಂದು ಪುಟ್ಟ ನಳಿಕೆ ಕಂಡಿತು. ಮಣ್ಣು ಮೆತ್ತಿ ಕಲ್ಲಾಗಿತ್ತು. ನನ್ನ ತಲೆಯ ಪಿನ್ನು ಹಾಕಿ ಕೆದಕಿದೆ. ಉಸ್ಸೆಂದಿತು! ನನಗೆ ಅನ್ನಿಸುವುದು, ಒಳಗಿನ ಗಾಳಿ ಹೊರಗೆ ಹೋಗಲು ದಾರಿಯಿಲ್ಲದೆ ಎಣ್ಣೆಯನ್ನು ಸೀಲಿನ ಕಡೆ ದಬ್ಬುತ್ತಿತ್ತು. ಸರಿಯೇ?

ಕೊನೆಗೆ ಬ್ರೇಕಿನ ಪೈಪಿನೊಳಗಿನ ಗಾಳಿ ತೆಗೆಯಬೇಕಿತ್ತು. ಅದಕ್ಕೆ ಇಬ್ಬರು ಬೇಕು, ಒಬ್ಬರು ಕೆಳಗೆ, ಒಬ್ಬರು ಪೆಡಲಿನ ಮೇಲೆ. ಅತ್ತೆಯನ್ನು ಕೂರಿಸಿದೆ, ಅವರು ಒತ್ತುವ ಬದಲು ಪೆಡಲಿಗೆ ನಮಸ್ಕಾರ ಮಾಡಿದರು. ಮಾವನವರು “ಸರಿ ಅತ್ತಾಗ” ಎಂದು ತಾವೇ ಹತ್ತಿ ಕೂತರು. ಒಡ್ಡಿಗೆ ಗುದ್ದಿದ ದಿನದ ನಂತರ ಆ ಸೀಟಿನಲ್ಲಿ ಕೂತದ್ದು ಆಗಲೇ.

ನಾನು ಕೆಳಗಿನಿಂದ ಕೂಗಿದೆ. “ಒತ್ತ್ರಿ ಮಾವಾರ!”

“ಒತ್ತೇನಿ.”

“ಹಿಡಕೋರಿ. ಬಿಡಬ್ಯಾಡ್ರಿ.”

“ಹಿಡದೇನವ್ವಾ.”

“ಈಗ ಬಿಡ್ರಿ.”

ಮದುವೆಯಾಗಿ ಬಂದಾಗಿನಿಂದ ಅವರ ಮುಂದೆ ತಲೆ ಎತ್ತಿ ನಿಂತವಳಲ್ಲ ನಾನು. ಅಂದು ಇಡೀ ಮಧ್ಯಾಹ್ನ ಅವರಿಗೆ ಹುಕುಂ ಮಾಡಿದೆ. ಗುಳ್ಳೆಗಳು ನಿಂತು ಬರೀ ಎಣ್ಣೆ ಬಂದಾಗ ಪೆಡಲ್ ಕಲ್ಲಿನಂತೆ ಗಟ್ಟಿಯಾಯಿತು. ಅವರು ಕಾಲು ತೆಗೆಯಲೇ ಇಲ್ಲ.

ನಾನು ಹೊರಗೆ ಬಂದಾಗ ಕೇಳಿದರು. “ಖರೇ ಹೇಳ. ಅವತ್ತ ಆದದ್ದು ಬ್ರೇಕಿನಿಂದೋ, ನನ್ನ ಕಣ್ಣಿನಿಂದೋ?”

ನಿಮ್ಮ ಪತ್ರ ಅಂದು ಬೆಳಿಗ್ಗೆಯೇ ಬಂದಿತ್ತು. ನೀವು ಹೇಳಿಕೊಟ್ಟ ಮಾತು ನಾಲಿಗೆಯ ಮೇಲಿತ್ತು. ಆದರೆ ಬೇರೆಯೇ ಹೇಳಿದೆ.

“ಎರಡೂ ಮಾವಾರ. ಬ್ರೇಕ್ ಹಿಡೀಲಿಲ್ಲ, ಅದು ಖರೇ. ಆದ್ರ ಚಕ್ಕಡಿ ನನಗ ದೂರಿಂದನ ಕಂಡಿತ್ತು. ನಿಮಗ ಕಂಡಿರಲಿಲ್ಲ.”

ಅವರು ಪೆಡಲನ್ನು ಇನ್ನೊಮ್ಮೆ ಒತ್ತಿ ನೋಡಿದರು. ಆಮೇಲೆ “ಬ್ರೇಕ್ ರಿಪೇರಿ ಆತು. ಇನ್ನ ಇದನ್ನೂ ಮಾಡ್ಸೂಣು” ಎಂದು ಕಣ್ಣು ಮುಟ್ಟಿಕೊಂಡರು. ಮಳೆ ಹಿಡಿದ ಮೇಲೆ ವಿಜಾಪುರದಲ್ಲಿ ಆಪರೇಶನ್. ಯುಗಾದಿ ಮುಗಿಸಿ ಟ್ರ್ಯಾಕ್ಟರ್ ತಂದ ಶ್ರೀಶೈಲಪ್ಪನವರನ್ನು ಚಹಾ ಕುಡಿಸಿ ಕಳಿಸಿದರು.

ನಿಮ್ಮ ಮಾತು ಕೇಳದಿದ್ದುದಕ್ಕೆ ಸಿಟ್ಟಾಗಬೇಡಿ. ಈ ಮನೆಯಲ್ಲಿ ಎಲ್ಲರೂ ಎಲ್ಲರಿಗೂ ನೋವಾಗಬಾರದೆಂದು ಮುಚ್ಚಿಡುತ್ತೇವೆ. ಅವರು ಕಣ್ಣು ಮಂಜಾದದ್ದನ್ನು ಮುಚ್ಚಿಟ್ಟರು. ನಾನೂ ಒಂದು ಮುಚ್ಚಿಟ್ಟಿದ್ದೇನೆ. ಹೋದ ವರ್ಷ ಶ್ರಾವಣದಲ್ಲಿ ‘ಭುವನೇಶ್ವರಿಗೆ ಸ್ವಲ್ಪ ಹುಷಾರಿರಲಿಲ್ಲ, ಈಗ ಆರಾಮ’ ಎಂದು ನಿಮಗೆ ಪತ್ರ ಬಂದಿತ್ತಲ್ಲ. ಅತ್ತೆ ಹೇಳಿದರು, ನಾನೇ ಬರೆದೆ. ನಾಲ್ಕನೆಯ ತಿಂಗಳಲ್ಲಿ ನನ್ನ ಗರ್ಭ ಹೋಗಿತ್ತು. ಬಸುರಿ ಎಂಬುದನ್ನು ಐದು ತುಂಬಿದ ಮೇಲೆ ತಿಳಿಸೋಣ ಎಂದಿದ್ದರು, ಅಷ್ಟರಲ್ಲಿ ಹೀಗಾಯಿತು. ಆಮೇಲೆ ದೂರದಲ್ಲಿರುವವನಿಗೆ ಏಕೆ ಹೇಳುವುದು ಎಂದರು. ನಾನು ಇಂಡಿಯ ಕಡೆ ನಮ್ಮ ಸಾಲೋಟಗಿಗೆ ಹೋಗಿ ತಾಯಿಯ ಹತ್ತಿರ ಒಂದು ತಿಂಗಳಿದ್ದು ಬಂದೆ.

ಬಸ್ಸಿನಲ್ಲಿ ಆ ಮುದುಕಿಗೆ “ಕೂಸಲ್ಲವ್ವಾ, ಗಾಡಿ ಸಾಮಾನು” ಎಂದೆ. ಅವಳು ನಕ್ಕಳು, ನಾನೂ ನಕ್ಕೆ. ಇಳಿದಮೇಲೆ ಯಾಕೂಬಸಾಬರ ಗ್ಯಾರೇಜಿಗೆ ಹೋಗುವ ಮೊದಲು ಸ್ವಲ್ಪ ಹೊತ್ತು ಬಸ್‌ಸ್ಟ್ಯಾಂಡಿನ ಕಲ್ಲಿನ ಮೇಲೆ ಕೂರಬೇಕಾಯಿತು.

ನಿಮ್ಮ,
ಭುವನಾ

•

ತೇಜಪುರ,
೯ ಜೂನ್ ೧೯೯೭

ಭುವನಾ,

ನಿನ್ನ ಪತ್ರ ಬಂದು ಬಹಳ ದಿನವಾಯಿತು. ಎಷ್ಟೋ ಸಲ ಬರೆಯಲು ಕೂತೆ. ‘ಭುವನಾ’ ಎಂದು ಬರೆದು ಮುಂದೆ ಹೋಗಲಾಗದೆ ಎದ್ದೆ.

ಆ ನಳಿಕೆಯ ವಿಷಯ ನೀನು ಹೇಳಿದ್ದು ಸರಿ. ಅದು ಮುಚ್ಚಿದ್ದರೆ ಎಷ್ಟು ಹೊಸ ಸೀಲ್ ಹಾಕಿದರೂ ಸೋರುತ್ತಿತ್ತು. ನನಗೆ ಹೊಳೆದಿರಲಿಲ್ಲ. ಅಪ್ಪನಿಗೆ ನೀನು ಹೇಳಿದ್ದೂ ಸರಿ.

ಇನ್ನೊಂದು ಕೇಳುತ್ತೇನೆ. ಅದು ಯಾವ ದಿನ? ಶ್ರಾವಣ ಎಂದಷ್ಟೇ ಬರೆದಿದ್ದೀ. ಆ ದಿನ ನಾನು ಎಲ್ಲಿದ್ದೆ, ಏನು ಮಾಡುತ್ತಿದ್ದೆ ಎಂದು ನೆನಪಿಸಿಕೊಳ್ಳಲು ನೋಡುತ್ತೇನೆ, ಆಗುವುದಿಲ್ಲ. ಬಹುಶಃ ಯಾವುದೋ ಲಾರಿಯ ಕೆಳಗೆ ಮಲಗಿ ಹಾಡು ಗುನುಗುತ್ತಿದ್ದೆನೇನೋ. ಅದನ್ನು ನನಗೆ ತಡೆಯಲಾಗುವುದಿಲ್ಲ. ಆ ದಿನ ಯಾವುದೆಂದು ಬರೆ.

ನಿನ್ನ ಜೊತೆ ಯಾರಿದ್ದರು?

ಕಲ್ಮೇಶ

•

ಮಸೂತಿ,
೨೭ ಜುಲೈ ೧೯೯೭

ಚಿರಂಜೀವಿ ಕಲ್ಮೇಶನಿಗೆ ತಂದೆ ಮಡಿವಾಳಪ್ಪನ ಆಶೀರ್ವಾದಗಳು.

ಇದನ್ನು ನಾನೇ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಕಣ್ಣಿನಿಂದಲ್ಲ, ಮೊದಲಿನಿಂದಲೂ ಹಾಗೇ. ಬಲಗಣ್ಣು ಮಾಡಿಸಿದ್ದಾಗಿದೆ, ಎಡದ್ದು ದೀಪಾವಳಿಯ ನಂತರ. ದಪ್ಪ ಕನ್ನಡಕ ಕೊಟ್ಟಿದ್ದಾರೆ. ನಿನ್ನ ತಾಯಿ ಗೂಬೆ ಎನ್ನುತ್ತಾಳೆ.

ವಿಜಾಪುರಕ್ಕೆ ಹೋಗುವಾಗಲೂ ಬರುವಾಗಲೂ ನಿನ್ನ ಹೆಂಡತಿಯೇ ಗಾಡಿ ನಡೆಸಿದಳು. ಮೊದಲ ರಜೆಯಲ್ಲಿ ಬಂದಾಗ ನೀನು ಅವಳಿಗೆ ಹೊಲದಲ್ಲಿ ನಡೆಸುವುದು ಕಲಿಸಿದ್ದಕ್ಕೆ ನಾನು ಬೈದಿದ್ದೆ. ಹೋಗುವಾಗ ನನ್ನ ಕೈ ಬಾಗಿಲ ಹಿಡಿ ಬಿಡಲಿಲ್ಲ. ಬರುವಾಗ ನಿದ್ದೆ ಮಾಡಿದೆ. ಮೂರನೆಯ ಗೇರಿನಲ್ಲೇ ಬಹಳ ಎಳೆಯುತ್ತಾಳೆ, ನೀನು ಬರೆದು ತಿಳಿಸು, ನಾನು ಹೇಳಿದರೆ “ಸುಮ್ಮಕ ಕೂಡ್ರಿ ಮಾವಾರ, ಪಟ್ಟಿ ಐತಿ ಕಣ್ಣಿಗಿ” ಎನ್ನುತ್ತಾಳೆ. ಬ್ರೇಕ್ ಒತ್ತಿದರೆ ಗಾಡಿ ನೆಟ್ಟಗೆ ನಿಲ್ಲುತ್ತದೆ. ಎಡಕ್ಕೂ ಎಳೆಯುವುದಿಲ್ಲ, ಬಲಕ್ಕೂ ಎಳೆಯುವುದಿಲ್ಲ.

ಈಗ ಎಲ್ಲ ಕಾಣುತ್ತಿದೆ. ಗೋಡೆ ಸುಣ್ಣ ಕಾಣದೆ ಎಷ್ಟು ವರ್ಷವಾಯಿತೋ. ನಿನ್ನ ತಾಯಿಯ ಕೂದಲು ಇಷ್ಟು ಬೆಳ್ಳಗಾದದ್ದು ನನಗೆ ಗೊತ್ತಿರಲಿಲ್ಲ. ಇನ್ನೊಂದು ಕಂಡಿತು, ಅದನ್ನು ಬರೆಯಲೆಂದೇ ಕಾಗದ ತೆಗೆದುಕೊಂಡೆ. ಭುವನೇಶ್ವರಿ ಸೊರಗಿದ್ದಾಳೆ. ಮದುವೆಯಲ್ಲಿ ಬಂದ ಹುಡುಗಿಯ ಮುಖ ನನಗೆ ನೆನಪಿದೆ, ಇದು ಆ ಮುಖವಲ್ಲ. ದಿನವೂ ನನಗೆ ರೊಟ್ಟಿ ಬಡಿಸಿದ್ದಾಳೆ, ನನಗೆ ಕಂಡಿರಲಿಲ್ಲ.

ನೀನು ನೌಕರಿಯಲ್ಲಿ ಮುಂದುವರಿಯುವುದು ಬಿಡುವುದು ನಿನಗೆ ಬಿಟ್ಟದ್ದು. ತಂದೆಯಾಗಿ ನಾನು ಹೀಗೆ ಮಾಡು ಎನ್ನುವುದಿಲ್ಲ. ಕಂಡದ್ದನ್ನು ಬರೆದಿದ್ದೇನೆ.

ಮಡಿವಾಳಪ್ಪ

•

ಮಸೂತಿ,
೨೫ ಆಗಸ್ಟ್ ೧೯೯೭

ರೀ,

ಹೋದ ವರ್ಷ ಆಗಸ್ಟ್ ಇಪ್ಪತ್ತೈದು. ಇವತ್ತಿಗೆ ವರ್ಷವಾಯಿತು. ನೀವು ದಿನ ಕೇಳಿದಾಗಲೇ ಬರೆಯಬಹುದಿತ್ತು, ಆದರೆ ಈ ದಿನವೇ ಬರೆಯಬೇಕು ಅನ್ನಿಸಿತು.

ಜೊತೆಗೆ ಅತ್ತೆ ಇದ್ದರು. ಆ ದಿನದಿಂದ ಇವತ್ತಿನವರೆಗೂ ಅವರು ಅದರ ಬಗ್ಗೆ ಒಂದು ಮಾತೂ ಆಡಿದ್ದಿಲ್ಲ. ಇವತ್ತು ಬೆಳಿಗ್ಗೆ ನಾನು ಹಿತ್ತಲಲ್ಲಿ ಭಾಂಡೆ ತಿಕ್ಕುತ್ತಿದ್ದಾಗ ಬಂದು ಪಕ್ಕದಲ್ಲಿ ಕೂತರು. “ನೆನಪೈತೇನು?” ಎಂದರು. “ಐತ್ರಿ” ಎಂದೆ. “ನನಗೂ ಐತಿ” ಎಂದು ನನ್ನ ಕೈಯಿಂದ ಭಾಂಡೆ ತೆಗೆದುಕೊಂಡು ತಾವೇ ತಿಕ್ಕಿದರು.

ಆ ಮಗು ಹೋದಾಗ ನೀವು ಇಲ್ಲಿರಲಿಲ್ಲ ಎಂದು ನಿಮ್ಮ ಮೇಲೆ ಸಿಟ್ಟಿಲ್ಲ. ನಿಮಗೆ ಗೊತ್ತಿರಲೇ ಇಲ್ಲ. ಮೊದಮೊದಲು ಸಿಟ್ಟಿತ್ತು. ಗಾಡಿಯ ಕೆಳಗೆ ಮಲಗಿ ನಿಮ್ಮ ಪತ್ರ ಎದೆಯ ಮೇಲಿಟ್ಟುಕೊಂಡು, ನೀವು ಹೇಳಿದ ಹಾಗೆ ಒಂದೊಂದೇ ಬಿಚ್ಚುತ್ತ ಹೋದಾಗ ಯಾವಾಗಲೋ ಹೋಯಿತು. ನೀವು ಪಕ್ಕದಲ್ಲೇ ಕೂತು ಹೇಳುತ್ತಿದ್ದೀರಿ ಅನ್ನಿಸುತ್ತಿತ್ತು. ಮದುವೆಯಾಗಿ ಮೂರು ವರ್ಷವಾದರೂ ನೀವು ಹೇಗೆ ಮಾತಾಡುತ್ತೀರಿ ಎಂಬುದು ನನಗೆ ಸರಿಯಾಗಿ ತಿಳಿದದ್ದು ಆ ಪತ್ರಗಳಿಂದಲೇ.

ಹೋದ ವಾರ ಪಕ್ಕದ ಊರಿನ ರಾವಸಾಬರು ತಮ್ಮ ಜೀಪು ತಂದಿದ್ದರು, ಹಿಂದಿನ ಗಾಲಿಗೆ ಎಣ್ಣೆ ಬರುತ್ತದೆಂದು. “ನಿಮ್ಮ ಸೊಸಿ ನೋಡ್ತಾಳಂತಲ್ಲ?” ಎಂದು ಮಾವನವರನ್ನು ಕೇಳಿದರಂತೆ. “ನೋಡ್ತಾಳ, ಆದ್ರ ಬ್ರೇಕ್ ಪೆಡಲ್ ನಾನ ಒತ್ತಬೇಕು, ಒಬ್ಬಾಕಿಗಿ ಆಗೂದಿಲ್ಲ” ಎಂದರಂತೆ ಇವರು. ಜೀಪಿನ ನಳಿಕೆ ಎಲ್ಲಿರುತ್ತದೆ ಎಂದು ಇಬ್ಬರೂ ಹುಡುಕಿ ಹುಡುಕಿ ಸಾಕಾದೆವು.

ನೀವು ಅಕ್ಟೋಬರಿನ ಮಾತು ಬರೆದು ಆರು ತಿಂಗಳಾಯಿತು. ಆಮೇಲೆ ಅದರ ಸುದ್ದಿಯೇ ಇಲ್ಲ. ನೀವೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಮಾವನವರಿಗೆ ಮಗನ ಬಡ್ತಿಗೆ ಅಡ್ಡ ಬರಬಾರದು. ಅತ್ತೆಗೆ ದೇವರು ನಡೆಸಿದಂತಾಗಲಿ. ಹೆಂಡತಿಯಾದವಳು ಕೇಳಬಾರದು ಎಂದು ನಾನೂ ಅಂದುಕೊಂಡಿದ್ದೆ. ನೀವು ಇನ್ನಷ್ಟು ವರ್ಷ ಅಲ್ಲಿದ್ದರೆ ನಾನು ಇಲ್ಲಿ ಇರಬಲ್ಲೆ. ಗಾಡಿ ನಡೆಸುತ್ತೇನೆ, ಮನೆ ನಡೆಸುತ್ತೇನೆ. ಅದನ್ನು ಮುಚ್ಚಿಡುವುದಿಲ್ಲ.

ಆದರೆ ನನಗೆ ಹಾಗೆ ಇರಲು ಮನಸ್ಸಿಲ್ಲ.

ಬಂದುಬಿಡಿ.

ನಿಮ್ಮ,
ಭುವನಾ

•

ತೇಜಪುರ,
೧೧ ಸೆಪ್ಟೆಂಬರ್ ೧೯೯೭

ನನ್ನ ಭುವನಾ,

ನಿನ್ನ ಪತ್ರ ಮೊನ್ನೆ ಬಂತು. ನಿನ್ನೆ ಬೆಳಿಗ್ಗೆ ಶೂ ಪಾಲಿಶ್ ಮಾಡಿಕೊಂಡು ಸಾಹೇಬರ ಕೋಣೆಗೆ ಹೋದೆ.

ನಿನಗೆ ಒಂದು ಹೇಳಬೇಕು. ಇಷ್ಟು ದಿನ ನಾನು ಉತ್ತರ ಕೊಡದೆ ತಳ್ಳುತ್ತಿದ್ದುದು ಬಡ್ತಿಯ ಆಸೆಗಲ್ಲ. ಹತ್ತೊಂಬತ್ತರ ಹುಡುಗನಾಗಿ ಇಲ್ಲಿಗೆ ಬಂದವನು ನಾನು. ಬೆಳಗಿನ ಸೀಟಿ, ಊಟದ ಗಂಟೆ, ಕೈಗೆ ಕೊಟ್ಟ ಕೆಲಸ, ಇದರಾಚೆ ಬದುಕುವುದು ನನಗೆ ಬರುತ್ತದೋ ಇಲ್ಲವೋ ಎಂಬ ಹೆದರಿಕೆ ಇತ್ತು. ರಜೆಗೆ ಬಂದಾಗ ಎಲ್ಲರೂ ನನ್ನನ್ನು ಅತಿಥಿಯಂತೆ ಕೂರಿಸಿ ಬಡಿಸುತ್ತಿದ್ದಿರಿ. ನಾನಿಲ್ಲದೆಯೂ ಮನೆ ನಡೆಯುತ್ತಿತ್ತು. ನಾನು ಬಂದರೆ ಯಾವ ಜಾಗದಲ್ಲಿ ಕೂರಬೇಕು ಎಂದು ಹೊಳೆಯುತ್ತಿರಲಿಲ್ಲ.

ಜೀಪಿನ ನಳಿಕೆ ಎಕ್ಸೆಲ್ಲಿನ ಬಲಗಡೆಯ ಮೇಲೆ ಇರುತ್ತದೆ, ಮಣ್ಣು ಕೆರೆದರೆ ಸಿಗುತ್ತದೆ. ಸಿಗದಿದ್ದರೆ ಬಿಡು, ಬಂದು ತೋರಿಸುತ್ತೇನೆ.

ಸಾಹೇಬರು ನನ್ನ ಕಾಗದಗಳನ್ನು ಮುಂದಿಟ್ಟುಕೊಂಡು ಕೇಳಿದರು.

“ಬಡ್ತಿ ಬಾಗಿಲಿಗೆ ಬಂದಿರುವಾಗ ಬಿಟ್ಟು ಹೋಗುತ್ತೀಯಾ? ಮನೆಯಲ್ಲಿ ಏನಾದರೂ ತೊಂದರೆಯೇ?”

“ಇಲ್ಲ ಸಾಹೇಬರೇ.”

“ತಂದೆಗೆ ಕಾಯಿಲೆಯೇ?”

“ಆರಾಮ ಆಗಿದ್ದಾರೆ.”

“ಹೊಲದ ಜಗಳ ಏನಾದರೂ?”

“ಇಲ್ಲ ಸಾಹೇಬರೇ.”

“ಮತ್ತೆ ಕಾರಣ ಏನೆಂದು ಬರೆಯಲಿ?”

ಹದಿನೈದು ವರ್ಷದಲ್ಲಿ ಅವರಂಥವರ ಮುಂದೆ ನಾನು ನನ್ನ ಮನೆಯ ಮಾತು ಆಡಿದವನಲ್ಲ. ಅಟೆನ್ಷನ್ನಿನಲ್ಲಿ ನಿಂತೇ ಹೇಳಿದೆ.

“ನನ್ನ ಹೆಂಡತಿ ಬಂದುಬಿಡಿ ಎಂದಿದ್ದಾಳೆ, ಸಾಹೇಬರೇ.”

ಅವರು ಪೆನ್ನು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ನನ್ನ ಮುಖ ನೋಡಿದರು. ಆಮೇಲೆ ತಲೆ ಬಗ್ಗಿಸಿ ಅಷ್ಟನ್ನೇ ಬರೆದುಕೊಂಡರು.

ಬರುತ್ತಿದ್ದೇನೆ.

ನಿನ್ನ,
ಕಲ್ಮೇಶ